ಟಿ.ಸಿ.ಯೊಳಗಿನ ಎಣ್ಣೆ

ದಾವಣಗೆರೆಯ ಹೆಣ್ಣುಮಕ್ಕಳಿಗೆ ಶಾಖದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅನ್ನಕ್ಕೆ ನೀರು, ಮೆಣಸಿನಕಾಯಿಗೆ ಎಣ್ಣೆ, ಮಂಡಕ್ಕಿಗೆ ಮರಳು. ಮೂರೂ ಒಲೆಯ ಬಿಸಿಯನ್ನು ಹೊತ್ತು ತಂದು ಕಾಳಿಗೋ ಹಿಟ್ಟಿಗೋ ಮುಟ್ಟಿಸುವ ಆಳುಗಳೇ. ಆದರೆ ಒಂದೊಂದರ ಗುಣ ಒಂದೊಂದು. ನೀರು ನೂರು ಡಿಗ್ರಿಗೆ ಕುದಿದು ಆವಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಹೆಚ್ಚಿಸಿದರೂ ಅದಕ್ಕಿಂತ ಮೇಲೆ ಏರುವುದಿಲ್ಲ. ಎಣ್ಣೆ ಹಾಗಲ್ಲ, ನೂರೆಂಬತ್ತು ಡಿಗ್ರಿ ಮುಟ್ಟಿದರೂ ಬಾಣಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಭಟ್ಟಿಯ ಮರಳು ಅದನ್ನೂ ಮೀರಿಸುತ್ತದೆ. ಯಾವುದಕ್ಕೆ ಯಾವುದು ಎಂಬ ಆಯ್ಕೆಯನ್ನು ನಮ್ಮ ಅಜ್ಜಿಯರು ಯಾವ ಪುಸ್ತಕವನ್ನೂ ನೋಡದೆ ಮಾಡಿದ್ದರು.

ಇದೇ ಆಯ್ಕೆಯ ಪ್ರಶ್ನೆ ನಮ್ಮ ಬೀದಿಗಳಲ್ಲಿ, ನಮ್ಮ ತಲೆಯ ಮೇಲೆ, ಎರಡು ಕಂಬಗಳ ನಡುವೆ ಕೂತಿರುವ ಬೂದು ಬಣ್ಣದ ಪೆಟ್ಟಿಗೆಯೊಳಗೂ ಇದೆ. ಪುಸ್ತಕದಲ್ಲಿ ಅದರ ಹೆಸರು ವಿದ್ಯುತ್ ಪರಿವರ್ತಕ, ಪೇಟೆಯಲ್ಲಿ ಟ್ರಾನ್ಸ್‌ಫಾರ್ಮರ್, ನಮ್ಮ ಹಳ್ಳಿಗಳಲ್ಲಿ ಬರೀ ಟಿ.ಸಿ. 'ಟಿ.ಸಿ. ಸುಟ್ಟೈತಿ' ಎಂದು ಯಾರಾದರೂ ಹೇಳಿದರೆ ಮುಂದಿನ ಸಂಗತಿಯೆಲ್ಲ ಹೆಂಗಸರಿಗೆ ತಾನಾಗಿ ತಿಳಿಯುತ್ತದೆ: ನಲ್ಲಿಯಲ್ಲಿ ನೀರಿಲ್ಲ, ಹಿಟ್ಟಿನ ಗಿರಣಿ ಇಲ್ಲ, ರಾತ್ರಿಗೆ ಮೇಣದಬತ್ತಿ ಹುಡುಕಬೇಕು.

ಒಮ್ಮೆ ನಮ್ಮ ಬೀದಿಯ ಟಿ.ಸಿ.ಗೆ ಎಣ್ಣೆ ತುಂಬಲು ಲೈನ್‌ಮನ್‌ಗಳು ಡ್ರಮ್ಮು ಇಳಿಸಿದಾಗ, ಊರಿಂದ ಬಂದಿದ್ದ ನಮ್ಮ ದೊಡ್ಡವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಅದಕ್ಯಾಕಪ್ಪಾ ಎಣ್ಣಿ? ಅದೇನು ಮೆಣಸಿನಕಾಯಿ ಕರೀತೈತೇನು?" ಎಂದು ಕೇಳಿಯೇಬಿಟ್ಟಳು.

ಲೈನ್‌ಮನ್ ನಕ್ಕ. "ಕರಿಯಾಕಲ್ಲಬೇ ಅವ್ವಾ, ತಣ್ಣಗಿಡಾಕ" ಎಂದ.

"ತಣ್ಣಗಿಡಾಕ ನೀರು ಸಾಲದೇನು?"

ದೊಡ್ಡವ್ವ ಅಕ್ಷರ ಬಲ್ಲವಳಲ್ಲ. ಆದರೆ ಅವಳು ಕೇಳಿದ್ದು ನೂರಾಮೂವತ್ತು ವರ್ಷಗಳಿಂದ ಎಂಜಿನಿಯರರು ಕೇಳಿಕೊಂಡೇ ಬಂದಿರುವ ಪ್ರಶ್ನೆ.

ಟಿ.ಸಿ.ಯೊಳಗೆ ಇರುವುದು ಕಬ್ಬಿಣದ ತೆಳು ಹಾಳೆಗಳ ದಿಂಡು. ಅದರ ಸುತ್ತ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿಗಳು. ತಂತಿಗೆ ಸೀರೆ ಸುತ್ತಿದ ಹಾಗೆ ಕಾಗದದ ಸುತ್ತು. ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ತನ್ನು ಮನೆಗೆ ಬೇಕಾದ ಅಳತೆಗೆ ಇಳಿಸುವುದು ಅದರ ಕೆಲಸ. ಆ ಕೆಲಸದಲ್ಲಿ ಒಂದಿಷ್ಟು ವಿದ್ಯುತ್ತು ಬಿಸಿಯಾಗಿ ನಷ್ಟವಾಗುತ್ತದೆ. ನೂರು ಕೆ.ವಿ.ಎ.ಯ ಒಂದು ಟಿ.ಸಿ. ಪೂರ್ಣ ಹೊರೆ ಹೊತ್ತಾಗ ಸುಮಾರು 2 ಕಿಲೋವಾಟ್, ಎಂದರೆ ಬಚ್ಚಲುಮನೆಯ ಒಂದು ಗೀಜರಿನಷ್ಟು ಶಾಖ ಅದರ ಹೊಟ್ಟೆಯಲ್ಲಿ ಸದಾ ಹುಟ್ಟುತ್ತಿರುತ್ತದೆ. ಅದನ್ನು ಹೊರಗೆ ಸಾಗಿಸದಿದ್ದರೆ ಕಾಗದ ಸೀದುಹೋಗುತ್ತದೆ. ಮಿತಿ ಮೀರಿ ಆರೆಂಟು ಡಿಗ್ರಿ ಏರಿದರೆ ಸಾಕು, ಕಾಗದದ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ.

ಶಾಖ ಹೊರುವುದರಲ್ಲಿ ನೀರಿಗೆ ಸಮ ಯಾವುದೂ ಇಲ್ಲ. ಒಂದು ಸೇರು ನೀರು ಹೊರುವ ಬಿಸಿಯ ಅರ್ಧದಷ್ಟನ್ನೂ ಅದೇ ತೂಕದ ಎಣ್ಣೆ ಹೊರಲಾರದು. ಆದರೆ ನೀರಿನ ಬಳಿ ಇನ್ನೊಂದು ಗುಣವಿದೆ. ಅದು ಮುಟ್ಟಿದ್ದನ್ನೆಲ್ಲ ಕರಗಿಸಿಕೊಳ್ಳುತ್ತದೆ: ಒಂದಿಷ್ಟು ಉಪ್ಪು, ಒಂದಿಷ್ಟು ತುಕ್ಕು, ಒಂದಿಷ್ಟು ಸುಣ್ಣ. ಹಾಗೆ ಕರಗಿದ ಮೇಲೆ ಅದು ಕರೆಂಟಿಗೆ ದಾರಿ ಬಿಡುತ್ತದೆ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ ಎಂದು ಮಕ್ಕಳನ್ನು ಗದರುವುದು ಇದಕ್ಕೇ ಅಲ್ಲವೆ? ಟಿ.ಸಿ.ಗೆ ಬೇಕಾದದ್ದು ಬಿಸಿಯನ್ನು ಒಯ್ಯುವ, ಆದರೆ ಕರೆಂಟನ್ನು ಒಯ್ಯದ ದ್ರವ. ನೆಲದಡಿಯ ಕಚ್ಚಾ ತೈಲದಿಂದ ಬಸಿದ ಖನಿಜ ಎಣ್ಣೆಯಲ್ಲಿ ಆ ಎರಡು ಗುಣಗಳೂ ಕೂಡಿ ಬಂದವು. ಬಿಸಿಯಾದ ಎಣ್ಣೆ ಮೇಲೇರುತ್ತದೆ, ಪೆಟ್ಟಿಗೆಯ ಪಕ್ಕದ ಕೊಳವೆಗಳಲ್ಲಿ ಇಳಿಯುತ್ತ ಗಾಳಿಗೆ ತಣ್ಣಗಾಗುತ್ತದೆ, ಮತ್ತೆ ಕೆಳಗಿನಿಂದ ಸುರುಳಿಗಳ ನಡುವೆ ಸೇರುತ್ತದೆ. ಯಾವ ಪಂಪೂ ಇಲ್ಲದೆ ಹಗಲಿರುಳು ಸುತ್ತುತ್ತಲೇ ಇರುತ್ತದೆ.

ಅಮೆರಿಕದ ಎಲಿಹು ಥಾಮ್ಸನ್ ಎಂಬ ವಿಜ್ಞಾನಿ ಪರಿವರ್ತಕವನ್ನು ಎಣ್ಣೆಯಲ್ಲಿ ಮುಳುಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1880ರ ದಶಕದಲ್ಲಿ. ನಮ್ಮ ಮೈಸೂರು ಸೀಮೆ ಈ ಕಥೆಯೊಳಕ್ಕೆ ಬಂದದ್ದು ಬಹಳ ತಡವಾಗಿ ಏನಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೊರಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಸಾಲುಗಳಲ್ಲಿ ಒಂದು. ಅಷ್ಟು ದೂರ ಸಾಗಿಸಬೇಕಾದರೆ ಒಂದು ತುದಿಯಲ್ಲಿ ವೋಲ್ಟೇಜನ್ನು ಏರಿಸಬೇಕು, ಇನ್ನೊಂದು ತುದಿಯಲ್ಲಿ ಇಳಿಸಬೇಕು. ಎಂದರೆ ಎರಡೂ ಕಡೆ ಪರಿವರ್ತಕಗಳು ಬೇಕು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. 1948ರಲ್ಲಿ ಜೋಗದ ವಿದ್ಯುದಾಗಾರದ ಉದ್ಘಾಟನೆಯಾಯಿತು. 1960ರ ದಶಕದಲ್ಲಿ ಶರಾವತಿ ಕಣಿವೆಯ ಯೋಜನೆ ಅದಕ್ಕೆ ಸೇರಿತು. ದೀಪ ಹೋದಲ್ಲೆಲ್ಲ ಎಣ್ಣೆಯೂ ಹೋಯಿತು. ಬೆಂಗಳೂರಿನಲ್ಲಿ 1930ರ ದಶಕದಲ್ಲಿ ಹುಟ್ಟಿದ ಸರ್ಕಾರಿ ವಿದ್ಯುತ್ ಕಾರ್ಖಾನೆ, 1946ರ ಕಿರ್ಲೋಸ್ಕರ್ ಎಲೆಕ್ಟ್ರಿಕ್, 1956ರ ಎನ್.ಜಿ.ಇ.ಎಫ್. ಇವೆಲ್ಲ ಪರಿವರ್ತಕಗಳನ್ನು ನಮ್ಮಲ್ಲೇ ತಯಾರಿಸಿದವು. ನಮ್ಮ ಎಷ್ಟೋ ಊರುಗಳ ಕಂಬಗಳ ಮೇಲಿನ ಪೆಟ್ಟಿಗೆಗಳಿಗೆ ಅಂಟಿದ ಲೋಹದ ಫಲಕಗಳಲ್ಲಿ ಈ ಹೆಸರುಗಳನ್ನು ಕಂಡವರು ಈಗಲೂ ಇದ್ದಾರೆ.

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡ ಕಾಲ ಅದು. ಹದಿನಾಲ್ಕು ಕಿಲೋಮೀಟರ್ ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿಯ ಲೇತುಗಳು ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆ ಮುಚ್ಚಿತು. ಹರಿಹರದ ಎಷ್ಟೋ ಮನೆಗಳಲ್ಲಿ ಅದರ ಸೈರನ್ನಿನ ನೆನಪು ಮಾತ್ರ ಉಳಿದಿದೆ. ಲೇತಿನ ಕೆಲಸ ಬಲ್ಲವರ ಮನೆಯ ಹೆಂಗಸರಿಗೆ ಇನ್ನೊಂದು ದ್ರವದ ಪರಿಚಯವಿದೆ: ಉಕ್ಕನ್ನು ಕೊರೆಯುವಾಗ ಮೇಲಿಂದ ಸುರಿಯುವ ಹಾಲಿನಂಥ ಬಿಳಿ ಕೂಲೆಂಟು. ಅದರ ವಾಸನೆ ಎಷ್ಟು ಒಗೆದರೂ ಅಂಗಿಯಿಂದ ಬಿಡುವುದಿಲ್ಲ. ಅದು ಎಣ್ಣೆ ಬೆರೆಸಿದ ನೀರು. ಅಲ್ಲಿ ಕರೆಂಟಿನ ಕಾಟವಿಲ್ಲ, ಆದ್ದರಿಂದ ನೀರೇ ನಡೆಯುತ್ತದೆ.

ಲೋಹವನ್ನು ಕೊರೆಯುವ ಇನ್ನೊಂದು ವಿಧಾನದಲ್ಲಿ ಮಾತ್ರ ಹಾಗೆ ಸಾಮಾನ್ಯ ನೀರು ಸುರಿಯುವಂತಿಲ್ಲ. 1943ರಲ್ಲಿ ಸೋವಿಯತ್ ದೇಶದಲ್ಲಿ ನತಾಲ್ಯಾ ಲಜರೆಂಕೊ ಮತ್ತು ಆಕೆಯ ಗಂಡ ಬೊರಿಸ್ ವಿದ್ಯುತ್ ಕಿಡಿಗಳಿಂದ ಲೋಹದ ತುದಿಗಳು ಸವೆಯುವುದನ್ನು ತಡೆಯುವುದು ಹೇಗೆಂದು ಹುಡುಕುತ್ತಿದ್ದರು. ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ. ಆದರೆ ಎಣ್ಣೆಯೊಳಗಿನ ಕಿಡಿ ಹತೋಟಿಗೆ ಸಿಗುತ್ತದೆ ಎಂಬುದು ಕಂಡಿತು. ಹಾಗಾದರೆ ಸವೆತವನ್ನೇ ಉಳಿಯ ಹಾಗೆ ಬಳಸೋಣ ಎಂದುಕೊಂಡರು. ಇಂದು ಗಟ್ಟಿ ಉಕ್ಕಿನ ಅಚ್ಚುಗಳನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ಮುಳುಗಿಸಿ ಕಿಡಿಯಿಂದಲೇ ಕೊರೆಯುವ ಯಂತ್ರಗಳು ಬಂದದ್ದು ಆ ದಂಪತಿಗಳ ಕೆಲಸದಿಂದ. ನಮ್ಮ ಅಡಿಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳ ಅಚ್ಚುಗಳಲ್ಲಿಯೂ ಈ ವಿಧಾನಕ್ಕೆ ಪಾಲಿದೆ.

ಟಿ.ಸಿ.ಯ ಎಣ್ಣೆಗೆ ಒಂದು ದೊಡ್ಡ ಶತ್ರುವಿದೆ: ತೇವ. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದರೆ ಆಗುವ ಅನಾಹುತವನ್ನು ನೆನೆಸಿಕೊಳ್ಳಿ. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಆಗ ಪೆಟ್ಟಿಗೆ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಸಿರಾಡಿದಂತೆ. ಆ ಉಸಿರಿನ ತೇವವನ್ನು ಹೀರಲು ಮೂಗಿನ ಹತ್ತಿರ ಸಿಲಿಕಾ ಜೆಲ್ ಹರಳುಗಳ ಗಾಜಿನ ಬುರುಡೆ ಇರುತ್ತದೆ. ಹಳೆಯ ಬಗೆಯ ಹರಳುಗಳು ಒಣಗಿರುವಾಗ ನೀಲಿ, ತೇವ ಕುಡಿದಾಗ ಗುಲಾಬಿ. ಎಣ್ಣೆಯ ಪರೀಕ್ಷೆಯೂ ಕಠಿಣವೇ. ಎರಡೂವರೆ ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡುಗಳ ನಡುವೆ ಎಣ್ಣೆ ತುಂಬಿ ವೋಲ್ಟೇಜ್ ಏರಿಸುತ್ತ ಹೋಗುತ್ತಾರೆ. ಹೊಸ ಎಣ್ಣೆ ಶೋಧಿಸುವ ಮೊದಲೇ ಮೂವತ್ತು ಸಾವಿರ ವೋಲ್ಟನ್ನಾದರೂ ತಡೆಯಬೇಕು. ತೇವ ಸೇರಿದ ಎಣ್ಣೆ ಅದಕ್ಕಿಂತ ಬಹಳ ಮೊದಲೇ ಕೈಚೆಲ್ಲುತ್ತದೆ.

ಎರಡನೆಯ ಶತ್ರು ಬೆಂಕಿ. ಖನಿಜ ಎಣ್ಣೆ ಸುಮಾರು ನೂರೈವತ್ತು, ನೂರೆಪ್ಪತ್ತು ಡಿಗ್ರಿ ಮುಟ್ಟಿದರೆ ಹತ್ತಿಕೊಳ್ಳಬಲ್ಲದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ದೊಡ್ಡ ಕಟ್ಟಡಗಳಲ್ಲಿ, ರೈಲಿನ ಎಂಜಿನ್ನಿನಲ್ಲಿ ಅಂಥದನ್ನು ಇಡುವುದು ಹೇಗೆ? ಈ ಭಯಕ್ಕೆ 1929ರ ಸುಮಾರಿಗೆ ಅಮೆರಿಕದ ರಸಾಯನ ಉದ್ಯಮ ಒಂದು ಉತ್ತರ ತಂದಿತು: ಪಿ.ಸಿ.ಬಿ., ಪೂರ್ತಿ ಹೆಸರು ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಅದು ಸುಲಭಕ್ಕೆ ಉರಿಯದು, ಕೊಳೆಯದು, ಕರೆಂಟು ಒಯ್ಯದು. ವರ್ಷಗಟ್ಟಲೆ ಕಾಯಿಸಿದರೂ ಕೆಡದು. ಎಂಜಿನಿಯರರಿಗೆ ಇನ್ನೇನು ಬೇಕು? ಪರಿವರ್ತಕಗಳಿಗೆ, ಕೆಪಾಸಿಟರುಗಳಿಗೆ ತುಂಬಿದರು. ಕಾರ್ಖಾನೆಗಳಲ್ಲಿ ನೀರಿನ ಬದಲು ಕೊಳವೆಗಳಲ್ಲಿ ಹರಿಸಿ ಬೇರೆ ಪದಾರ್ಥಗಳನ್ನು ಕಾಯಿಸಲೂ ಬಳಸಿದರು. ಆ ಗುಣಗಳಲ್ಲೇ ಕೇಡೂ ಇತ್ತು. ಕೆಡದ ವಸ್ತು ಹೊರಗೆ ಚೆಲ್ಲಿದರೂ ಕೆಡದೆ ಉಳಿಯುತ್ತದೆ. ನೀರಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಮೀನಿನಲ್ಲಿ, ದನದಲ್ಲಿ, ಮನುಷ್ಯರ ಮೈಯಲ್ಲಿ ಸೇರುತ್ತದೆ, ಕೊನೆಗೆ ತಾಯಿಯ ಹಾಲಿನಲ್ಲಿ ಇಳಿಯುತ್ತದೆ.

ಭತ್ತದ ನಾಡಿನವರಾದ ನಾವು ಮುಂದಿನ ಕಥೆಯನ್ನು ಗಮನವಿಟ್ಟು ಕೇಳಬೇಕು. ಭದ್ರಾ ನಾಲೆ ಬಂದ ಮೇಲೆ ದಾವಣಗೆರೆ, ಹರಿಹರ, ಮಲೇಬೆನ್ನೂರಿನ ಸುತ್ತ ಅಕ್ಕಿ ಗಿರಣಿಗಳು ಬೆಳೆದವು. ಗಿರಣಿ ಇದ್ದಲ್ಲಿ ತೌಡು ಇದ್ದೇ ಇರುತ್ತದೆ. ತೌಡಿನಿಂದ ಎಣ್ಣೆ ತೆಗೆಯಬಹುದು. ಜಪಾನಿನಲ್ಲಿಯೂ ತೌಡಿನೆಣ್ಣೆ ಮನೆಮನೆಯ ಅಡಿಗೆಯ ಎಣ್ಣೆ. ಅಲ್ಲಿಯ ಕಿತಾಕ್ಯೂಶು ನಗರದ ಕಾನೆಮಿ ಎಂಬ ಕಂಪನಿ, ಎಣ್ಣೆಯ ಹಸಿ ವಾಸನೆ ತೆಗೆಯಲು ಅದನ್ನು ಕಾಯಿಸುತ್ತಿತ್ತು. ನೀರಿನಿಂದ ಅಷ್ಟು ಬಿಸಿ ಸುಲಭವಾಗಿ ಸಿಗುವುದಿಲ್ಲವಲ್ಲ, ಆದ್ದರಿಂದ ಕಾಯಿಸುವ ಕೊಳವೆಗಳಲ್ಲಿ ಹರಿಯುತ್ತಿದ್ದುದು ಪಿ.ಸಿ.ಬಿ. ಒಂದು ಕಡೆ ಜನ ತಿನ್ನುವ ಎಣ್ಣೆ, ಇನ್ನೊಂದು ಕಡೆ ವಿಷ, ನಡುವೆ ತೆಳ್ಳನೆಯ ಲೋಹದ ಗೋಡೆ. ಆ ಗೋಡೆ ತೂತಾಯಿತು.

ಮೊದಲು ಸತ್ತದ್ದು ಕೋಳಿಗಳು. 1968ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪಶ್ಚಿಮ ಜಪಾನಿನಲ್ಲಿ ಸುಮಾರು ನಾಲ್ಕು ಲಕ್ಷ ಕೋಳಿಗಳು ಸತ್ತವು. ಅವುಗಳ ಮೇವಿಗೆ ಸೇರಿಸಿದ್ದ ಕಪ್ಪೆಣ್ಣೆ ಅದೇ ಕಾರ್ಖಾನೆಯದೆಂದು ಗೊತ್ತಾಯಿತು. ಆದರೂ ಅದೇ ಸೂರಿನಡಿ ತಯಾರಾಗುವ ಅಡಿಗೆ ಎಣ್ಣೆಯ ಮಾರಾಟವನ್ನು ಯಾರೂ ನಿಲ್ಲಿಸಲಿಲ್ಲ. ಕೆಲವೇ ತಿಂಗಳಲ್ಲಿ ಜನ ಆಸ್ಪತ್ರೆಗೆ ಬರತೊಡಗಿದರು. ಮುಖ, ಮೈ ತುಂಬ ಮೊಡವೆಯಂಥ ಕಪ್ಪು ಗುಳ್ಳೆಗಳು, ಕಪ್ಪಾದ ಉಗುರು, ಅಂಟುಗಟ್ಟುವ ಕಣ್ಣು, ತಡೆಯಲಾಗದ ಆಯಾಸ. ಒಂದೇ ಮನೆಯವರೆಲ್ಲ ಒಟ್ಟಿಗೆ ಬರುತ್ತಿದ್ದರು, ಏಕೆಂದರೆ ಒಂದೇ ಬಾಣಲೆಯ ಊಟ. ಬಸುರಿಯರಿಗೆ ಹುಟ್ಟಿದ ಕೆಲವು ಕೂಸುಗಳ ಚರ್ಮ ಕಪ್ಪುಗೂಡಿತ್ತು. ಸುಮಾರು ಹದಿನಾಲ್ಕು ಸಾವಿರ ಜನ ತಮಗೆ ತೊಂದರೆಯಾಗಿದೆ ಎಂದು ಮುಂದೆ ಬಂದರು. ಸರ್ಕಾರ ರೋಗಿಗಳೆಂದು ಒಪ್ಪಿದ್ದು ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನರನ್ನು ಮಾತ್ರ. ಜಪಾನೀಯರು ಇದನ್ನು 'ಯೂಶೋ' ಎಂದರು, ಎಂದರೆ ಎಣ್ಣೆ ರೋಗ.

ಹನ್ನೊಂದು ವರ್ಷದ ನಂತರ, 1979ರಲ್ಲಿ, ತೈವಾನಿನಲ್ಲಿ ಅದೇ ತೌಡಿನೆಣ್ಣೆ, ಅದೇ ದ್ರವ, ಅದೇ ಸೋರಿಕೆ. ಈ ಬಾರಿಯೂ ಸುಮಾರು ಎರಡು ಸಾವಿರ ಜನ. ಅವರಲ್ಲಿ ಕುರುಡು ಮಕ್ಕಳ ಶಾಲೆಯೊಂದರ ಮಕ್ಕಳೂ ಇದ್ದರು. ವಿಷವುಂಡ ತಾಯಂದಿರಿಗೆ ಆಮೇಲೆ ಹುಟ್ಟಿದ ಮಕ್ಕಳ ಬೆಳವಣಿಗೆ ನಿಧಾನವಾದುದನ್ನು ವೈದ್ಯರು ವರ್ಷಗಳ ಕಾಲ ಹಿಂಬಾಲಿಸಿ ದಾಖಲಿಸಿದರು. ಆ ತಾಯಂದಿರು ಮಾಡಿದ್ದು ಏನು? ಅಂಗಡಿಯಿಂದ ಎಣ್ಣೆ ತಂದು ಅಡಿಗೆ ಮಾಡಿ ಮನೆಯವರಿಗೆ ಬಡಿಸಿದ್ದು, ಅಷ್ಟೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲವಾದರೆ ಓದುಗರು ಸುಮ್ಮನೆ ಹೆದರಿಯಾರು. ತೌಡಿನೆಣ್ಣೆಯಲ್ಲಿ ತಾನಾಗಿ ಯಾವ ದೋಷವೂ ಇಲ್ಲ. ನಮ್ಮ ಬೀದಿಯ ಟಿ.ಸಿ.ಗಳಲ್ಲಿ ಸಾಮಾನ್ಯವಾಗಿ ಇರುವುದೂ ಖನಿಜ ಎಣ್ಣೆಯೇ, ಪಿ.ಸಿ.ಬಿ. ಅಲ್ಲ. ಆದರೆ ಹಳೆಯ ಉಪಕರಣಗಳ ಎಣ್ಣೆಯನ್ನು ಶೋಧಿಸಿದ ಯಂತ್ರದಲ್ಲೇ ಬೇರೆಯದನ್ನೂ ಶೋಧಿಸಿದಾಗ ಒಂದರ ಕೊಳೆ ಇನ್ನೊಂದಕ್ಕೆ ಸೇರುವುದುಂಟು. ಆದ್ದರಿಂದಲೇ ಎಣ್ಣೆಯನ್ನು ಪರೀಕ್ಷಿಸಿ ನೋಡದೆ ಒಳಗೇನಿದೆ ಎಂದು ಹೇಳಲಾಗುವುದಿಲ್ಲ. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷೆಗಳ ಮನೆ, ದೇಶದ ಪಿ.ಸಿ.ಬಿ.ಯನ್ನು ಹುಡುಕಿ ವಿಲೇವಾರಿ ಮಾಡುವ ಕೆಲಸದಲ್ಲಿಯೂ ಅದು ಸೇರಿಕೊಂಡಿದೆ.

ಕಾನೂನು ನಿಧಾನವಾಗಿ ಬಂತು. ಯೂಶೋ ಪ್ರಕರಣದ ನಂತರ ಜಪಾನ್ 1973ರಲ್ಲಿ ಹೊಸ ರಾಸಾಯನಿಕಗಳನ್ನು ಮೊದಲೇ ಪರೀಕ್ಷಿಸಬೇಕೆಂಬ ಕಾನೂನು ತಂದಿತು. ಅಮೆರಿಕ 1979ರಲ್ಲಿ ಪಿ.ಸಿ.ಬಿ. ತಯಾರಿಕೆಯನ್ನು ನಿಲ್ಲಿಸಿತು. 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ಆದ ಒಪ್ಪಂದಕ್ಕೆ ಭಾರತ 2006ರಲ್ಲಿ ಒಪ್ಪಿಗೆ ನೀಡಿತು. 2016ರಲ್ಲಿ ನಮ್ಮ ಪರಿಸರ ಮಂತ್ರಾಲಯ ಪಿ.ಸಿ.ಬಿ.ಯ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿ, ಬಳಕೆ ಪೂರ್ತಿ ನಿಲ್ಲಲು 2025ರ ಡಿಸೆಂಬರ್ 31ರ ಗಡುವು ಇಟ್ಟಿತು. ಕಾನೆಮಿಯ ಕೋಳಿಗಳು ಸತ್ತ ದಿನದಿಂದ ಎಣಿಸಿದರೆ ಐವತ್ತೇಳು ವರ್ಷ. ಅಂದು ಹುಟ್ಟಿದ ಕೂಸುಗಳು ಈಗ ಅಜ್ಜ ಅಜ್ಜಿಯರಾಗುವ ವಯಸ್ಸಿನಲ್ಲಿದ್ದಾರೆ.

ಈಗ ಎಂಜಿನಿಯರರು ಮತ್ತೆ ನಮ್ಮ ಅಡಿಗೆಮನೆಯತ್ತ ಮುಖ ಮಾಡಿದ್ದಾರೆ. ಸೋಯಾ, ಸೂರ್ಯಕಾಂತಿಯಂಥ ಬೀಜಗಳ ಎಣ್ಣೆಯನ್ನು ಹದಗೊಳಿಸಿ ಪರಿವರ್ತಕಗಳಿಗೆ ತುಂಬುವ ರೂಢಿ 1990ರ ದಶಕದಿಂದ ಬೆಳೆಯುತ್ತಿದೆ. ಅವು ಮುನ್ನೂರು ಡಿಗ್ರಿ ದಾಟಿದ ಮೇಲಷ್ಟೇ ಹೊತ್ತಿ ಉರಿಯುವಂಥವು. ನೆಲಕ್ಕೆ ಚೆಲ್ಲಿದರೆ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಒಂದೇ ತೊಡಕು, ಗಾಳಿ ತಾಗಿದರೆ ಜಿಡ್ಡುಗಟ್ಟುತ್ತವೆ; ದೇವರ ದೀಪದ ತಟ್ಟೆಯನ್ನು ವಾರಗಟ್ಟಲೆ ತೊಳೆಯದೆ ಬಿಟ್ಟವರಿಗೆ ಆ ಅಂಟಿನ ಪರಿಚಯ ಇದ್ದೇ ಇದೆ. ಅದಕ್ಕಾಗಿ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚುತ್ತಾರೆ. ನಮ್ಮ ದೇಶದ ಸಂಶೋಧಕರು ಹೊಂಗೆ ಎಣ್ಣೆಯನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಹಣತೆಯಲ್ಲಿ ಉರಿಯುತ್ತಿದ್ದ ಎಣ್ಣೆ ಅದು. ತಿನ್ನುವ ಎಣ್ಣೆಯಲ್ಲವಾದ್ದರಿಂದ ಒಗ್ಗರಣೆಯ ಪಾಲನ್ನು ಕಸಿದುಕೊಳ್ಳುವುದೂ ಇಲ್ಲ.

ಇನ್ನೊಂದು ಕಡೆ, ಕಂಪ್ಯೂಟರುಗಳನ್ನೇ ಕರೆಂಟು ಒಯ್ಯದ ದ್ರವದಲ್ಲಿ ಮುಳುಗಿಸಿ ತಣ್ಣಗಿಡುವ ಕಾಲ ಬಂದಿದೆ. ಅದಕ್ಕೆಂದು ತಯಾರಿಸಿದ ಫ್ಲೋರಿನ್‌ಯುಕ್ತ ದ್ರವಗಳನ್ನೂ ಮೊದಲು ಇದೇ ಮಾತುಗಳಲ್ಲಿ ಹೊಗಳಿದರು: ಉರಿಯದು, ಕೆಡದು. ಅಂಥ ದ್ರವಗಳ ದೊಡ್ಡ ತಯಾರಕರಾದ ಅಮೆರಿಕದ ತ್ರೀಎಂ ಕಂಪನಿ, ಸುಲಭವಾಗಿ ನಾಶವಾಗದ ಆ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರಲ್ಲಿ ಸಾರಿತು. 'ಕೆಡದು' ಎಂಬ ಹೊಗಳಿಕೆಯನ್ನು ಕೇಳಿದ ಕೂಡಲೇ 'ಹೊರಗೆ ಬಿದ್ದರೆ ಎಲ್ಲಿಗೆ ಹೋಗುತ್ತದೆ?' ಎಂದು ಕೇಳುವುದನ್ನು ಜಗತ್ತು ಈಗೀಗ ಕಲಿಯುತ್ತಿದೆ.

ಆ ಪ್ರಶ್ನೆಯನ್ನು ಕೇಳಲು ಪ್ರಯೋಗಾಲಯವೇ ಬೇಕೆಂದಿಲ್ಲ. 2014ರಲ್ಲಿ ಕೀನ್ಯಾ ದೇಶದಿಂದ ಒಂದು ಸುದ್ದಿ ಬಂದಿತ್ತು: ಕಳ್ಳರು ಟ್ರಾನ್ಸ್‌ಫಾರ್ಮರುಗಳ ಎಣ್ಣೆ ಇಳಿಸಿಕೊಂಡು ರಸ್ತೆ ಬದಿಯಲ್ಲಿ ತಿಂಡಿ ಕರಿಯುವವರಿಗೆ ಮಾರುತ್ತಾರಂತೆ. ಎಷ್ಟು ಕರಿದರೂ ಬೇಗ ಕೆಡುವುದಿಲ್ಲ ಎಂಬುದೇ ಅದಕ್ಕೆ ಬೇಡಿಕೆ. ಟಿ.ಸಿ. ಎಣ್ಣೆಯ ಕಳವು ನಮ್ಮ ಹೊಲಗಳಲ್ಲಿಯೂ ಹೊಸದಲ್ಲ. ಕದ್ದದ್ದು ಎಲ್ಲಿ ಸೇರುತ್ತದೆಂದು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ಪೇಟೆಯ ಬೆಲೆಗಿಂತ ತೀರ ಅಗ್ಗಕ್ಕೆ ಡಬ್ಬಿಯಿಂದ ಅಳೆದು ಕೊಡುವ ಎಣ್ಣೆಯನ್ನು ಮನೆಗೆ ತರಬಾರದು. ಕಂಬದ ಕೆಳಗೆ ಸೋರಿದ ಎಣ್ಣೆಯನ್ನು ಗಾಯಕ್ಕೆ, ಮಂಡಿನೋವಿಗೆ ಹಚ್ಚಬಾರದು, ಮಕ್ಕಳನ್ನು ಅಲ್ಲಿ ಆಡಲು ಬಿಡಬಾರದು.

ಇನ್ನು ಡ್ರಮ್ಮಿನ ವಿಷಯ. ಬೇಸಿಗೆ ಬಂದರೆ ನಮ್ಮ ಊರುಗಳಲ್ಲಿ ನೀರು ತುಂಬಿಡಲು ಗುಜರಿ ಅಂಗಡಿಯಿಂದ ಹಳೆಯ ಡ್ರಮ್ಮು ತರುವುದು ವಾಡಿಕೆ. ಸೀಗೆಪುಡಿ, ಬೂದಿ, ಬಿಸಿನೀರು ಹಾಕಿ ತಿಕ್ಕಿ ತೊಳೆದು, ವಾಸನೆ ಹೋಯಿತೆಂದು ಸಮಾಧಾನಪಡುತ್ತೇವೆ. ಆದರೆ ಪಿ.ಸಿ.ಬಿ.ಯಂಥ ವಸ್ತು ನೀರಿಗೆ ಕರಗಿ ಹೋಗುವಂಥದಲ್ಲ, ಮೂಗಿಗೆ ಸಿಗುವಂಥದೂ ಅಲ್ಲ. ಎಣ್ಣೆ, ರಾಸಾಯನಿಕ, ಔಷಧಿ ತುಂಬಿದ್ದ ಡ್ರಮ್ಮನ್ನು ಕುಡಿಯುವ ನೀರಿಗೆ ಬಳಸಲೇಬಾರದು. ದುಡ್ಡು ಕೊಡುವ ಮೊದಲು 'ಇದರಲ್ಲಿ ಮೊದಲು ಏನಿತ್ತಪ್ಪಾ?' ಎಂದು ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಆ ಡ್ರಮ್ಮು ನಮಗೆ ಬೇಡ.